ಸರ್ಕಾರಿ ಖರೀದಿಗೆ ಏಕರೂಪ ಇ-ಬಿಲ್: ಏನಿದು ಐರೋಪ್ಯ ಮಾನದಂಡ?

ಸರ್ಕಾರಿ ಕಚೇರಿಗೆ ಸರಕು ಪೂರೈಸುವುದಕ್ಕಿಂತ ಬಿಲ್ ಪಾಸು ಮಾಡಿಸಿಕೊಳ್ಳುವುದೇ ಕಷ್ಟ ಎಂಬುದು ಪೂರೈಕೆದಾರರ ಹಳೆಯ ಅಳಲು. ಈ ಅಳಲು ಒಂದು ದೇಶಕ್ಕೆ ಸೀಮಿತವಲ್ಲ. ಬಿಲ್ ಸಲ್ಲಿಕೆಯ ಹಂತದ ತೊಡಕು ನಿವಾರಿಸಲು ಐರೋಪ್ಯ ಒಕ್ಕೂಟವು 2014ರಲ್ಲಿ ನಿರ್ದೇಶನವೊಂದನ್ನು ಹೊರಡಿಸಿತು.

ಅದಕ್ಕೂ ಮುನ್ನ ಸದಸ್ಯ ರಾಷ್ಟ್ರಗಳು ತಮಗೆ ತೋಚಿದ ಮಾದರಿಗಳನ್ನು ರೂಪಿಸಿಕೊಂಡಿದ್ದವು. ಡೆನ್ಮಾರ್ಕ್ 2005ರಲ್ಲೇ ಸರ್ಕಾರಿ ಪೂರೈಕೆಗೆ ಇ-ಬಿಲ್ ಕಡ್ಡಾಯಗೊಳಿಸಿತ್ತು. ಆದರೆ ಒಂದು ದೇಶದ ಮಾದರಿ ಇನ್ನೊಂದರಲ್ಲಿ ಸಲ್ಲುತ್ತಿರಲಿಲ್ಲ. ಗಡಿಯಾಚೆಯ ಟೆಂಡರ್‌ನಲ್ಲಿ ಭಾಗವಹಿಸುವ ಸಣ್ಣ ಉದ್ಯಮಿಗೆ ಪ್ರತ್ಯೇಕ ತಂತ್ರಾಂಶದ ಹೊರೆ ತಪ್ಪುತ್ತಿರಲಿಲ್ಲ.

ಮಾನದಂಡದ ಸ್ವರೂಪ

2017ರಲ್ಲಿ ಪ್ರಕಟವಾದ 'ಇಎನ್ 16931' ಮಾನದಂಡವು ಬಿಲ್‌ನಲ್ಲಿ ಇರಬೇಕಾದ ಮೂಲ ಅಂಶಗಳನ್ನೂ ಅವುಗಳ ಅರ್ಥವನ್ನೂ ನಿಗದಿಪಡಿಸುತ್ತದೆ. ಬಿಲ್ ಸಂಖ್ಯೆ, ದಿನಾಂಕ, ಮಾರಾಟಗಾರ, ಖರೀದಿದಾರ, ತೆರಿಗೆಯ ವಿವರ, ಪಾವತಿಸಬೇಕಾದ ಮೊತ್ತ ಇತ್ಯಾದಿ ಅದರಲ್ಲಿ ಸೇರಿವೆ. ಕಾಗದದ ಬಿಲ್ಲನ್ನು ಸ್ಕ್ಯಾನ್ ಮಾಡಿ ಇ-ಮೇಲ್‌ನಲ್ಲಿ ಕಳುಹಿಸಿದರೆ ಅದು ಇ-ಬಿಲ್ ಎನಿಸುವುದಿಲ್ಲ. ಗಣಕಯಂತ್ರವು ತಾನಾಗಿಯೇ ಓದಿ ಲೆಕ್ಕಕ್ಕೆ ಸೇರಿಸಿಕೊಳ್ಳುವಂತೆ ಮಾಹಿತಿ ವ್ಯವಸ್ಥಿತವಾಗಿರಬೇಕು.

ಈ ಮಾದರಿಯ ಬಿಲ್ಲನ್ನು ಸ್ವೀಕರಿಸುವ ಹೊಣೆಯನ್ನು ನಿರ್ದೇಶನವು ಸರ್ಕಾರಿ ಸಂಸ್ಥೆಗಳ ಮೇಲೆ ಹೊರಿಸಿತು. ಅದಕ್ಕೆ 2019ರ ಏಪ್ರಿಲ್ 18 ಗಡುವಾಗಿತ್ತು. ಸ್ಥಳೀಯ ಹಾಗೂ ಪ್ರಾದೇಶಿಕ ಸಂಸ್ಥೆಗಳಿಗೆ ಇನ್ನೊಂದು ವರ್ಷ ಕಾಲಾವಕಾಶ ನೀಡಲು ಅನುಮತಿಯಿತ್ತು. ಪೂರೈಕೆದಾರರು ಇ-ಬಿಲ್ಲನ್ನೇ ಸಲ್ಲಿಸಬೇಕೆಂದು ನಿರ್ದೇಶನ ವಿಧಿಸಲಿಲ್ಲ. ಆ ತೀರ್ಮಾನ ಆಯಾ ರಾಷ್ಟ್ರಕ್ಕೆ ಬಿಟ್ಟದ್ದು. ಇಟಲಿ 2015ರ ಮಾರ್ಚ್ ವೇಳೆಗೇ ಎಲ್ಲ ಸರ್ಕಾರಿ ಸಂಸ್ಥೆಗಳಿಗೆ ಸಲ್ಲಿಸುವ ಬಿಲ್‌ಗಳಿಗೂ ಇದನ್ನು ಕಡ್ಡಾಯಗೊಳಿಸಿತ್ತು.

ಲಾಭ ಯಾರಿಗೆ?

ಒಕ್ಕೂಟದ 2011ರ ಇನ್ನೊಂದು ನಿರ್ದೇಶನದ ಪ್ರಕಾರ, ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ ಬಿಲ್ ತಲುಪಿದ 30 ದಿನಗಳೊಳಗೆ ಹಣ ಪಾವತಿಸಬೇಕು. ಇ-ಬಿಲ್ ತಲುಪಿದ ದಿನ ದಾಖಲಾಗುವುದರಿಂದ, 'ಬಿಲ್ ಬಂದೇ ಇಲ್ಲ' ಎಂಬ ಸಬೂಬಿಗೆ ಎಡೆ ಕಡಿಮೆ.

ಭಾರತದಲ್ಲಿ ಜಿಎಸ್‌ಟಿ ಇ-ಬಿಲ್‌ಗೆ 2020ರ ಅಕ್ಟೋಬರ್‌ನಿಂದ ದೇಶಕ್ಕೆಲ್ಲ ಒಂದೇ ನಮೂನೆ ಜಾರಿಗೆ ಬಂತು. ಆರಂಭದಲ್ಲಿ 500 ಕೋಟಿ ರೂಪಾಯಿ ಇದ್ದ ವಹಿವಾಟು ಮಿತಿ 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ಇಳಿಯಿತು. ಆದರೆ ಅದರ ಮುಖ್ಯ ಗುರಿ ತೆರಿಗೆ ಸೋರಿಕೆ ತಡೆ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂಬ ನಿಯಮ 2006ರ ಕಾಯ್ದೆಯಲ್ಲಿದೆ. ಅಲ್ಲಿ ದಿನ ಎಣಿಕೆ ಸರಕು ಸ್ವೀಕೃತವಾದಂದಿನಿಂದ.

ಮಾನದಂಡವು ಬಿಲ್ಲನ್ನು ಅಧಿಕಾರಿಯ ಮೇಜಿಗೆ ಬೇಗ ತಲುಪಿಸಬಲ್ಲದು. ಸರಕಿನ ಪರಿಶೀಲನೆ, ಮಂಜೂರಾತಿ ಮತ್ತು ಅನುದಾನದ ಬಿಡುಗಡೆ ಮಾತ್ರ ಇಲಾಖೆಯ ಹೊಣೆಯಾಗಿಯೇ ಉಳಿಯುತ್ತವೆ.