‘ಕ್ರೆಡಿಟ್’ ಪದದ ಅರ್ಥ ಮತ್ತು ಬಳಕೆ

ವ್ಯಾಪಾರದಲ್ಲಿ ದಿನನಿತ್ಯ ಕೇಳಿಬರುವ ಇಂಗ್ಲಿಷ್ ಪದಗಳಲ್ಲಿ ‘ಕ್ರೆಡಿಟ್’ ಪ್ರಮುಖವಾದುದು. ಅಂಗಡಿಯಲ್ಲಿ ಅದು ಉದ್ರಿ, ಲೆಕ್ಕದ ಪುಸ್ತಕದಲ್ಲಿ ಜಮಾ, ಜಿ.ಎಸ್.ಟಿ. ರಿಟರ್ನಿನಲ್ಲಿ ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದಾದ ಮೊತ್ತ. ಈ ಮೂರು ಅರ್ಥಗಳನ್ನು ಬೇರ್ಪಡಿಸಿ ತಿಳಿಯದಿದ್ದಲ್ಲಿ ವರ್ತಕರಿಗೆ ನಷ್ಟವಾಗುವ ಸಂಭವವುಂಟು.

ಪದದ ಮೂಲ

‘ನಂಬು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಪದವು 16ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತು. ಸಂಸ್ಕೃತದ ‘ಶ್ರದ್ಧಾ’ ಪದವೂ ಇದೇ ಮೂಲಕ್ಕೆ ಸೇರಿದ್ದೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಆದ್ದರಿಂದ ‘ಕ್ರೆಡಿಟರ್’ ಎಂದರೆ ನಂಬಿ ಕೊಟ್ಟವನು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಾಗಲಿ, ಕೋಲಾರದ ಟೊಮ್ಯಾಟೊ ಮಾರುಕಟ್ಟೆಯಲ್ಲಾಗಲಿ ಉದ್ರಿ ವ್ಯವಹಾರ ನಿಂತಿರುವುದು ಈ ನಂಬಿಕೆಯ ಮೇಲೆಯೇ. ನಾವು ಬಳಸುವ ‘ಜಮಾ’ ಪದಕ್ಕೆ ಅರಬ್ಬಿಯಲ್ಲಿ ‘ಕೂಡಿಸುವುದು’ ಎಂದರ್ಥ.

ಪಾಸ್‌ಬುಕ್ಕಿನ ಗೊಂದಲ

ಬ್ಯಾಂಕಿಗೆ ಹಣ ಕಟ್ಟಿದಾಗ ಪಾಸ್‌ಬುಕ್ಕಿನಲ್ಲಿ ‘ಕ್ರೆಡಿಟ್’ ಎಂದು ಬರುತ್ತದೆ. ಅದೇ ವ್ಯವಹಾರವನ್ನು ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆಗೆ ‘ಡೆಬಿಟ್’ ಮಾಡುತ್ತೇವೆ. ಎರಡೂ ಸರಿಯೇ. ಪಾಸ್‌ಬುಕ್ಕು ಬ್ಯಾಂಕಿನ ಲೆಕ್ಕದ ಪ್ರತಿ. ನಂಬಿ ಹಣ ಕೊಟ್ಟವರು ನಾವು, ಹಿಂದಿರುಗಿಸಬೇಕಾದುದು ಬ್ಯಾಂಕು. ಮೂಲಾರ್ಥವನ್ನು ನೆನಪಿಟ್ಟುಕೊಂಡರೆ ಈ ಗೊಂದಲ ಉಳಿಯದು.

ಉದ್ರಿಗೆ ಕಾನೂನಿನ ಗಡುವು

ನಂಬಿಕೆಗೆ ಇಂದು ಕಾನೂನು ದಿನಗಳ ಮಿತಿ ಹಾಕಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಒಪ್ಪಿದ ದಿನದೊಳಗೆ, ಆದರೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಮಾಸಿಕ ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆಯು ಇದಕ್ಕೆ ಆದಾಯ ತೆರಿಗೆಯನ್ನೂ ಜೋಡಿಸಿತು.

ಉದಾಹರಣೆಗೆ, ಉದ್ಯಮ್ ನೋಂದಣಿ ಹೊಂದಿದ ಮಾಲೂರಿನ ಸಣ್ಣ ಹೆಂಚು ತಯಾರಕರಿಂದ ಮುಳಬಾಗಿಲಿನ ವರ್ತಕರು ಫೆಬ್ರುವರಿ 1ರಂದು 1,00,000 ರೂಪಾಯಿಯ ಸರಕನ್ನು 45 ದಿನಗಳ ಲಿಖಿತ ಒಪ್ಪಂದದ ಮೇಲೆ ಪಡೆದರೆನ್ನೋಣ. ಹಣವನ್ನು ಏಪ್ರಿಲ್ 10ರಂದು ಕೊಟ್ಟರೆ ಗಡುವೂ ಮೀರಿತು, ಆರ್ಥಿಕ ವರ್ಷವೂ ಮುಗಿಯಿತು. ಆಗ ಆ ಖರೀದಿ ಮೊತ್ತವನ್ನು ಹಿಂದಿನ ವರ್ಷದ ಲಾಭದಿಂದ ಕಳೆಯುವಂತಿಲ್ಲ. ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಬಹುದು. ಗಡುವು ಮೀರಿದ್ದರೂ ಮಾರ್ಚ್ 31ರೊಳಗೆ ಪಾವತಿಸಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಉದ್ಯಮ್ ನೋಂದಣಿ ಇದ್ದರೂ ಕೇವಲ ಕೊಂಡು ಮಾರುವ ವರ್ತಕರ ಬಾಕಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಜಿ.ಎಸ್.ಟಿ.ಯ ಕ್ರೆಡಿಟ್

2017ರ ಜುಲೈ 1ರಿಂದ ಬಂದ ಜಿ.ಎಸ್.ಟಿ.ಯಲ್ಲಿ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯುತ್ತೇವೆ. ಇಲ್ಲಿಯೂ ನಂಬಿಕೆ ಒಂದೇ ಸಾಲದು. ಸರಬರಾಜುದಾರರು ಬಿಲ್ಲನ್ನು ತಮ್ಮ ರಿಟರ್ನಿನಲ್ಲಿ ತೋರಿಸಿ, ಅದು ನಮ್ಮ ಜಿ.ಎಸ್.ಟಿ.ಆರ್.-2ಬಿ ಪಟ್ಟಿಯಲ್ಲಿ ಕಾಣಬೇಕು. ಬಿಲ್ಲಿನ ದಿನದಿಂದ 180 ದಿನಗಳಲ್ಲಿ ಅವರಿಗೆ ಹಣ ಸಲ್ಲಿಸದಿದ್ದರೆ ಪಡೆದ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಪಾವತಿಸಿದ ನಂತರ ಅದನ್ನು ಮತ್ತೆ ಪಡೆಯಬಹುದು.

ವರ್ತಕರು ಮಾಡಬೇಕಾದುದು

1. ತಯಾರಕರು ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು.
2. ಉದ್ರಿಯ ಅವಧಿಯನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಇಡುವುದು.
3. ಪ್ರತಿ ತಿಂಗಳು 2ಬಿ ಪಟ್ಟಿಯನ್ನು ಖರೀದಿ ಪುಸ್ತಕದೊಡನೆ ತಾಳೆ ನೋಡುವುದು.
4. ಮಾರ್ಚ್ ಮೊದಲ ವಾರದಲ್ಲೇ ಸಣ್ಣ ತಯಾರಕರ ಬಾಕಿ ಪಟ್ಟಿ ಸಿದ್ಧಪಡಿಸುವುದು.

ಕಾಗದದ ಮೇಲೆ ಬರೆದಿಟ್ಟ ಮಾತ್ರಕ್ಕೆ ನಂಬಿಕೆ ಕುಂದುವುದಿಲ್ಲ. ಕೊಟ್ಟವರಿಗೂ ಪಡೆದವರಿಗೂ ಅದರಿಂದ ರಕ್ಷಣೆ ದೊರೆಯುತ್ತದೆ.