ಕೆಮ್ಮಿನ ಬಾಟ್ಲಿ: ಚೀಟಿ ಯಾರದು, ಚಮಚ ಯಾವುದು?

ಮಳೆ ಹಿಡಿದರೆ ಕೆಮ್ಮು, ಮಳೆ ಬಿಟ್ಟರೆ ಧೂಳು, ಧೂಳಿಗೆ ಮತ್ತೆ ಕೆಮ್ಮು. ಬಸ್ ಸ್ಟ್ಯಾಂಡ್ ಸುತ್ತಲಿನ ಔಷಧಿ ಅಂಗಡಿಗಳಿಗೆ ಇದೇ ಸುಗ್ಗಿ. ಸಂಜೆಯ ಬಸ್ಸಿಗೆ ಓಡುವವರು ಕೌಂಟರಿಗೆ ಕೈಯೂರಿ, "ಕಫ ಕರಗೋದಕ್ಕೆ ಒಂದು ಬಾಟ್ಲಿ ಕೊಡ್ರಿ, ಹೋದ್ಸಲ ಕೊಟ್ಟಿದ್ರಲ್ಲ, ಅದೇ" ಅನ್ನುತ್ತಾರೆ. ಹೋದ ಸಲ ಅಂದರೆ ಹೋದ ವರ್ಷ. ಚೀಟಿ ತೋರಿಸುವ ಪುಣ್ಯಾತ್ಮರೂ ಇದ್ದಾರೆ. ಅದು ಜೇಬಿನಲ್ಲಿ ಮಡಚಿ ಮಡಚಿ ನಾಲ್ಕು ಚೂರಾಗಿರುತ್ತದೆ, ಮೇಲಿನ ಹೆಸರು ಮಾವನದೋ ಪಕ್ಕದ ಮನೆಯವರದೋ ಆಗಿರುತ್ತದೆ.

ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಯ ಲೇಬಲ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಕಫ ಕರಗಿಸುವ ಸಿರಪ್‌ಗಳಲ್ಲಿ ಅನೇಕವು ಈ ಗೆರೆಯವೇ. ವೈದ್ಯರು 'ಮತ್ತೆ ಕೊಡಬಹುದು' ಎಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ ಎಂಬುದೂ ಕಾನೂನಿನಲ್ಲಿದೆ. ಆದರೆ ಗಿರಾಕಿಯನ್ನು ವಾಪಸ್ ಕಳಿಸಿದರೆ ಅವನು ಎದುರಂಗಡಿಗೆ ಹೋಗುತ್ತಾನೆ. ಅಂಗಡಿಯವರ ಸಂಕಟ ಅವರಿಗೆ.

ಬಾಟ್ಲಿಗಳ ಬಣ್ಣ, ರುಚಿ ಹೆಚ್ಚುಕಡಿಮೆ ಒಂದೇ. ಒಳಗಿನ ಕೆಲಸ ಮಾತ್ರ ಬೇರೆ. ಆಂಬ್ರಾಕ್ಸಾಲ್, ಬ್ರೋಮ್‌ಹೆಕ್ಸಿನ್, ಗ್ವಾಯಿಫೆನೆಸಿನ್ ಎಂಬವು ಎದೆಯಲ್ಲಿ ಅಂಟಿಕೊಂಡ ಕಫವನ್ನು ನೀರಾಗಿಸುತ್ತವೆ. ಅದನ್ನು ಹೊರಗೆ ಹಾಕುವುದು ಕೆಮ್ಮಿನ ಕೆಲಸ. ಕೊಡೀನ್, ಡೆಕ್ಸ್‌ಟ್ರೊಮೆಥಾರ್ಫನ್ ಎಂಬವು ಆ ಕೆಮ್ಮನ್ನೇ ಅದುಮುತ್ತವೆ. ಎರಡನ್ನೂ ಒಟ್ಟಿಗೆ ಕುಡಿದರೆ ಕಸ ಗುಡಿಸಿ ಬಾಗಿಲಿಗೆ ತಂದು ಚಿಲಕ ಹಾಕಿದ ಹಾಗೆ. ಸಿರಪ್ ಕುಡಿದ ಮೊದಲೆರಡು ದಿನ ಕಫ ಜಾಸ್ತಿ ಬಂತೆಂದು ಗಾಬರಿಯಾಗಿ ಬಾಟ್ಲಿ ಬದಲಿಸುವವರಿದ್ದಾರೆ. ಬರಲಿ ಅಂತಲೇ ಅಲ್ಲವೇ ಕೊಟ್ಟದ್ದು? ಜೊತೆಗೆ ಬಿಸಿನೀರು ಚೆನ್ನಾಗಿ ಕುಡಿಯಬೇಕು. ಹೊಟ್ಟೆಯಲ್ಲಿ ಹುಣ್ಣಿರುವವರು ಈ ಔಷಧಿಗೆ ಮೊದಲು ವೈದ್ಯರಿಗೆ ಅದನ್ನು ಹೇಳಬೇಕು. ಸಕ್ಕರೆ ಕಾಯಿಲೆಯವರು ಸಕ್ಕರೆಯಿಲ್ಲದ ಸಿರಪ್ ಕೇಳಿ ಪಡೆಯಬೇಕು.

ಕೆಲವು ಸಿರಪ್‌ಗಳಲ್ಲಿ ಉಸಿರುನಾಳ ಹಿಗ್ಗಿಸುವ ಸಾಲ್ಬುಟಮಾಲ್ ಅಥವಾ ಟರ್ಬುಟಲಿನ್ ಬೆರೆತಿರುತ್ತದೆ. ಗೊರಗೊರ ಅನ್ನುವ ಎದೆಗೆ ಅದು ಒಳ್ಳೆಯದೇ. ಆದರೆ ಅಳತೆ ಮೀರಿದರೆ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಹೃದಯದ ತೊಂದರೆ, ಬಿಪಿ, ಥೈರಾಯ್ಡ್ ಇದ್ದವರಿಗೆ ಇದು ಹುಡುಗಾಟವಲ್ಲ. ಇನ್ನು ಕೆಲವದರಲ್ಲಿ ನೆಗಡಿಗೆಂದು ನಿದ್ದೆ ಬರಿಸುವ ಔಷಧಿಯೂ ಇರುತ್ತದೆ. ಅದನ್ನು ಕುಡಿದು ಸ್ಟಿಯರಿಂಗ್ ಹಿಡಿದವನ ಹಿಂದೆ ಐವತ್ತು ಜನ ಕೂತಿರುತ್ತಾರೆ.

ಈಗ ಚಮಚದ ವಿಷಯ. ವೈದ್ಯರು 'ಒಂದು ಚಮಚ' ಅಂದರೆ 5 ಮಿಲಿ. ಮನೆಯ ಚಮಚಕ್ಕೆ ಈ ಲೆಕ್ಕ ಗೊತ್ತಿಲ್ಲ. ಕಾಫಿಪುಡಿ ಡಬ್ಬಿಯದ್ದು ಒಂದಳತೆ, ಉಪ್ಪಿನಕಾಯಿ ಜಾಡಿಯದ್ದು ಇನ್ನೊಂದು, ಪಾಯಸ ತಿನ್ನುವುದು ಮತ್ತೂ ದೊಡ್ಡದು. ಬಾಟ್ಲಿಯ ಜೊತೆ ಬರುವ ಗೆರೆಯ ಪುಟ್ಟ ಕಪ್ಪು ಮಕ್ಕಳ ಆಟದ ಸಾಮಾನಿಗೆ ಸೇರಿರುತ್ತದೆ. ಬಸ್ಸಿನಲ್ಲೇ ಮುಚ್ಚಳ ತಿರುವಿ ಎರಡು ಗುಟುಕು ಏರಿಸಿ, "ಸ್ವಲ್ಪ ಜಾಸ್ತಿ ಆದ್ರೆ ಬೇಗ ವಾಸಿ ಆಗ್ತದೆ" ಎನ್ನುವ ಶೂರರಿಗೆ ಯಾವ ಕಪ್ಪೂ ಬೇಡ. ಕೂಸಿನ ಅಳತೆಯನ್ನು ಅದರ ತೂಕ ನೋಡಿ ಬರೆದಿರುತ್ತಾರೆ. ಅಲ್ಲಿ ಅರ್ಧ ಚಮಚದ ಹೆಚ್ಚುಕಡಿಮೆಯೂ ದೊಡ್ಡದೇ.

ಮಕ್ಕಳ ವಿಷಯದಲ್ಲಿ ದೇಶವೇ ಬೆಚ್ಚಿದ್ದು 2025ರಲ್ಲಿ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮು, ಜ್ವರವೆಂದು ಕೋಲ್ಡ್ರಿಫ್ ಎಂಬ ಸಿರಪ್ ಕುಡಿದ ಮಕ್ಕಳಿಗೆ ಮೂತ್ರ ನಿಂತಿತು, ಮೂತ್ರಪಿಂಡ ಕೆಟ್ಟಿತು. ಸತ್ತ ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಆ ರಾಜ್ಯದ ಪರೀಕ್ಷೆಯಲ್ಲಿ ಕಂಡ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇಕಡಾ 48.6, ಇರಬಹುದಾದ ಮಿತಿ 0.1. ಕಾರ್ಖಾನೆಗಳಲ್ಲಿ ಬಳಸುವ ಅಗ್ಗದ ದ್ರಾವಕವದು. ಇದೇ ವಿಷ 1986ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಆಫ್ರಿಕದ ಗ್ಯಾಂಬಿಯದಲ್ಲಿ ಜೀವ ತೆಗೆದಿತ್ತು. ಅದು ಕಫದ ಔಷಧಿಯ ಗುಣವಲ್ಲ, ತಯಾರಿಸಿದವರ ದ್ರೋಹ. ಹಾಗೆಂದು ತಾಯಿ ಸುಮ್ಮನೆ ಕೂರುವಂತಿಲ್ಲ: ಸಿರಪ್ ಕುಡಿದ ಮಗು ವಾಂತಿ ಮಾಡಿ, ಮೂತ್ರ ಕಡಿಮೆಯಾದರೆ ಬಾಟ್ಲಿ ಸಮೇತ ಆಸ್ಪತ್ರೆಗೆ ಓಡಬೇಕು.

ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಎಲ್ಲ ರಾಜ್ಯಗಳಿಗೂ ತಿಳಿಸಿತು. ಮಕ್ಕಳ ಕೆಮ್ಮು ಬಹುಪಾಲು ತಾನಾಗಿಯೇ ಇಳಿಯುತ್ತದೆ. ಅಜ್ಜಿಯರು ಜೇನು ನೆಕ್ಕಿಸುವುದೂ ಒಳ್ಳೆಯದೇ, ವರ್ಷ ತುಂಬದ ಕೂಸಿಗೆ ಮಾತ್ರ ಕೂಡದು.

ದೊಡ್ಡವರಿಗೆ ಎರಡು ವಾರ ದಾಟಿದ ಕೆಮ್ಮಿಗೆ, ಕಫದಲ್ಲಿ ರಕ್ತ ಕಂಡರೆ ಅಂದೇ, ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯಾಗಬೇಕು. ಕ್ಷಯದ ಈ ಪರೀಕ್ಷೆಗೆ ಕಾಸು ಕೊಡಬೇಕಿಲ್ಲ. ಮೂರು ಬಾಟ್ಲಿ ಸಿರಪ್ ಮುಗಿಸಿ ಆಮೇಲೆ ಬರುವವರೇ ಹೆಚ್ಚು. ಅಷ್ಟರಲ್ಲಿ ಮನೆಮಂದಿಗೂ ಹಂಚಿರುತ್ತಾರೆ.

ಇನ್ನು "ಬಿಲ್ಲು ಬೇಡ ಬಿಡ್ರಿ" ಎನ್ನುವ ಔದಾರ್ಯ. ಬಿಲ್ಲಿನಲ್ಲಿ ಔಷಧಿಯ ಬ್ಯಾಚ್ ನಂಬರ್ ಇರುತ್ತದೆ. 2025ರ ಅಕ್ಟೋಬರಿನಲ್ಲಿ ಆ ಕೋಲ್ಡ್ರಿಫ್‌ನ ಎಸ್‌ಆರ್-13 ಬ್ಯಾಚ್ ವಿಷವೆಂದು ಪ್ರಕಟವಾದಾಗ, ಬಾಟ್ಲಿಯನ್ನೂ ಬಿಲ್ಲನ್ನೂ ಎಸೆದ ಮನೆಯವರಿಗೆ ತಾವು ಕುಡಿಸಿದ್ದು ಅದೋ ಅಲ್ಲವೋ ಎಂದು ನೋಡಿಕೊಳ್ಳುವ ದಾರಿಯೇ ಇರಲಿಲ್ಲ.