ಚಿಕ್ಕೋಡಿ ಸೀಮೆಯ ವಿದ್ಯಾರ್ಥಿಗೆ ಆಪ್ತಸಮಾಲೋಚನೆ: ಶುಲ್ಕಕ್ಕಿಂತ ದಾರಿಯೇ ದುಬಾರಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ನೆರೆಯ ಗೋಕಾಕ, ಹುಕ್ಕೇರಿ, ಮೂಡಲಗಿಗಳೊಡನೆ ಸೇರಿ ಬೇರೆಯೇ ಒಂದು ಜಿಲ್ಲೆಯೆನಿಸುತ್ತವೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ರಾಜ್ಯದಲ್ಲಿ ಎಷ್ಟನೆಯ ಸ್ಥಾನ ಬಂತೆಂಬುದು ಊರೂರಿನ ಮಾತಾಗುತ್ತದೆ. ಆದರೆ ಆ ಅಂಕಗಳಿಗಾಗಿ ನಿದ್ದೆಗೆಟ್ಟು, ಊಟ ಸೇರದೆ, ಪುಸ್ತಕ ತೆರೆದೊಡನೆ ಎದೆ ಹೊಡೆದುಕೊಳ್ಳುವ ಸ್ಥಿತಿಗೆ ಬಂದ ವಿದ್ಯಾರ್ಥಿಯ ವಿಷಯದಲ್ಲಿ ಈ ಪ್ರತ್ಯೇಕತೆ ಉಳಿಯುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಕಂದಾಯ ಜಿಲ್ಲೆಯನ್ನೇ ಘಟಕವಾಗಿ ಹಿಡಿಯುವುದರಿಂದ, 2011ರ ಜನಗಣತಿಯಲ್ಲೇ 47 ಲಕ್ಷ ಮೀರಿದ್ದ ಬೆಳಗಾವಿ ಜಿಲ್ಲೆಯ ಲೆಕ್ಕದಲ್ಲಿ ಈ ಗಡಿ ತಾಲ್ಲೂಕುಗಳೂ ಸೇರಿಹೋಗುತ್ತವೆ.

ಹಾಗೆಂದು ಸೇವೆಯೇ ಇಲ್ಲವೆನ್ನುವಂತಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಅದು ಬಹುಮಟ್ಟಿಗೆ ಉಚಿತವೂ ಹೌದು. ವಿದ್ಯಾರ್ಥಿಗೆ ನಿಜವಾಗಿ ದುಬಾರಿಯಾಗುವುದು ಬಸ್ಸಿನ ಖರ್ಚು, ತಪ್ಪುವ ತರಗತಿ, ಜೊತೆಗೆ ಬರುವ ತಂದೆ ಅಥವಾ ತಾಯಿ ಕಳೆದುಕೊಳ್ಳುವ ಒಂದು ದಿನದ ಕೂಲಿ, ಎಲ್ಲಕ್ಕಿಂತ ಮಿಗಿಲಾಗಿ ಊರವರ ಕಣ್ಣಿಗೆ ಬೀಳುವ ಭಯ. ನಿಪ್ಪಾಣಿಯ ಬೀಡಿ ಕಟ್ಟುವ ಮನೆಯಲ್ಲಾಗಲಿ, ಅಥಣಿಯ ಕಬ್ಬು ಕಡಿಯುವ ಮನೆಯಲ್ಲಾಗಲಿ ಈ ಖರ್ಚುಗಳು ಸಣ್ಣವಲ್ಲ.

ತಜ್ಞರು ಜನರಿದ್ದಲ್ಲಿಗೇ ಹೋಗಬೇಕೆಂಬ ವಿಚಾರ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2014ರಲ್ಲಿ ರಾಜ್ಯ ಸರ್ಕಾರ ತಂದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಿಂಗಳಿಗೊಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಪದ್ಧತಿ ಬೆಳೆಯಿತು. ಯಾವ ಮಂಗಳವಾರವೆಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯಿಂದಲೋ ಮೊದಲೇ ಕೇಳಿಕೊಂಡು ಹೊರಟರೆ ಒಂದು ದಿನ ವ್ಯರ್ಥವಾಗುವುದು ತಪ್ಪುತ್ತದೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಹದಿಹರೆಯದವರ ವಿಭಾಗವೂ ಇದ್ದು, ಮುಟ್ಟಿನ ತೊಂದರೆ, ರಕ್ತಹೀನತೆ ಮೊದಲಾದವುಗಳ ಜೊತೆಗೆ ಮನಸ್ಸಿನ ವಿಷಯವನ್ನೂ ಅಲ್ಲಿ ಮಾತಾಡಬಹುದಾದ್ದರಿಂದ, ಅಲ್ಲಿಗೆ ಹೋದವರನ್ನು ಇಂಥದ್ದೇ ಕಾರಣಕ್ಕೆ ಹೋದರೆಂದು ಯಾರೂ ಊಹಿಸಲಾರರು.

ಯಾರ ಬಳಿ ಹೋಗಬೇಕೆಂಬ ಗೊಂದಲವೂ ಹಣ ತಿನ್ನುತ್ತದೆ. ಮನೋವೈದ್ಯರು ವೈದ್ಯಪದವಿ ಪಡೆದು ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಔಷಧಿ ಬರೆಯದೆ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನಡೆಸುವವರಾಗಿದ್ದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಹೊಂದಿರಬೇಕಾದವರು. ಆಪ್ತಸಮಾಲೋಚಕರು ಪರೀಕ್ಷೆಯ ಭಯ, ಮನೆಯ ಜಗಳ, ಪ್ರೇಮದ ನೋವು, ಮೊಬೈಲಿನ ಗೀಳು ಮುಂತಾದವನ್ನು ಕೂತು ಕೇಳಿ, ದಾರಿ ಕಾಣುವಂತೆ ನೆರವಾಗುವವರು. ಈ ಕೊನೆಯ ಹೆಸರಿನ ಫಲಕವನ್ನು ಅಲ್ಪಾವಧಿ ಕೋರ್ಸು ಮುಗಿಸಿದವರೂ ಹಾಕಿಕೊಳ್ಳುವುದರಿಂದ, ಖಾಸಗಿಯಾಗಿ ಹಣ ಕೊಡುವ ಮುನ್ನ ವಿದ್ಯಾರ್ಹತೆಯನ್ನು ಕೇಳುವುದು ಅವಿನಯವಲ್ಲ.

ದೂರ ಮತ್ತು ಗುಟ್ಟು ಎರಡಕ್ಕೂ ಇಂದು ಸಿಕ್ಕಿರುವ ಉತ್ತಮ ಉತ್ತರವೆಂದರೆ ದೂರವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಹಣವಿಲ್ಲದೆ ಕರೆ ಮಾಡಬಹುದು. ಭಾಷೆಯನ್ನು ಆರಿಸಿಕೊಂಡ ಮೇಲೆ ತರಬೇತಿ ಪಡೆದ ಸಮಾಲೋಚಕರು ಮಾತಿಗೆ ಸಿಗುತ್ತಾರೆ. ನಿದ್ದೆ ಹೇಗಿದೆ, ಹಸಿವಾಗುತ್ತದೆಯೇ, ಇದು ಯಾವಾಗಿನಿಂದ, ಓದಿದ್ದು ನೆನಪಿರುತ್ತದೆಯೇ, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂಬಂಥ ಪ್ರಶ್ನೆಗಳು ಇಂಥ ಮಾತುಕತೆಯಲ್ಲಿ ಬರುತ್ತವೆ. ಕೊನೆಯ ಪ್ರಶ್ನೆಗೆ ಬೆಚ್ಚಬೇಕಾಗಿಲ್ಲ, ಏಕೆಂದರೆ ಅದನ್ನು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಇದ್ದುದನ್ನು ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ಅಗತ್ಯ ಕಂಡರೆ ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ. ಮನೆಯಲ್ಲಿ ಕನ್ನಡ, ಅಜ್ಜಿಯೊಡನೆ ಮರಾಠಿ ಎಂದು ಬೆಳೆದ ಗಡಿನಾಡಿನ ಮಕ್ಕಳಿಗೆ ಎರಡರಲ್ಲಿ ಅಳು ಬರುವ ಭಾಷೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಚಿಕ್ಕ ಮಾತಲ್ಲ. ಹದಿನೆಂಟರೊಳಗಿನವರಿಗೆ 1098 ಮಕ್ಕಳ ಸಹಾಯವಾಣಿಯೂ ಇದೆ; ಜೀವಕ್ಕೆ ತಕ್ಷಣದ ಅಪಾಯವಿದ್ದಾಗ ಮಾತ್ರ ಸಾಲಿನಲ್ಲಿ ಕಾಯದೆ 112ಕ್ಕೆ ಕರೆ ಮಾಡಬೇಕು.

ಫೋನಿನ ಮಾತು ಸಾಲದೆ ಮುಖಾಮುಖಿ ಚಿಕಿತ್ಸೆ ಬೇಕಾದವರಿಗೆ ಈ ಸೀಮೆಯಲ್ಲಿ ರಾಜ್ಯದ ಗಡಿ ಅಡ್ಡ ಬರುತ್ತದೆ. ಕಾಗವಾಡದಿಂದ ಮಿರಜ, ನಿಪ್ಪಾಣಿಯಿಂದ ಕೊಲ್ಹಾಪುರ ಬೆಳಗಾವಿಗಿಂತ ಹತ್ತಿರವಾದ್ದರಿಂದ ಜನ ಹಿಂದಿನಿಂದಲೂ ದವಾಖಾನೆಗೆಂದು ಅತ್ತಲೇ ಹೋಗುವವರು. ನಿಪ್ಪಾಣಿಗೆ ಹೊಂದಿಕೊಂಡ ಅರ್ಜುನನಗರದ ದೇವಚಂದ ಕಾಲೇಜಂತೂ ಮಹಾರಾಷ್ಟ್ರದ ನೆಲದಲ್ಲಿದೆ. ಆದರೆ ದೀರ್ಘಕಾಲದ ಉಚಿತ ಔಷಧಿ, ಪುನರ್ಭೇಟಿ, ರಾಜ್ಯದ ಯೋಜನೆಗಳ ಸೌಲಭ್ಯ ಇವೆಲ್ಲ ತನ್ನ ರಾಜ್ಯದೊಳಗೆ ಸುಲಭವಾಗುವುದರಿಂದ, ಮೊದಲ ಭೇಟಿಗೆ ಹತ್ತಿರದ ಊರನ್ನು ಆರಿಸಿಕೊಂಡರೂ ಮುಂದುವರಿಕೆಗೆ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನೋ ಧಾರವಾಡವನ್ನೋ ಯೋಚಿಸುವುದು ಲೇಸು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಇಂದು ಡಿಮ್ಹಾನ್ಸ್ ಎಂಬ ಹೆಸರಿನ ಸರ್ಕಾರಿ ಸಂಸ್ಥೆಯಾಗಿದೆ. ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಮಿರಜದಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಮಾರ್ಗದಲ್ಲೇ ಇವೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಗೂ ಜೊತೆಗೆ ಬರುವ ತಾಯಿಗೂ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ.

ಸರ್ಕಾರಿ ಆಸ್ಪತ್ರೆಯ ಈ ಉಚಿತ ಚಿಕಿತ್ಸೆ ಯಾರ ಕೃಪೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಬಡತನ ರೇಖೆಯ ಕೆಳಗಿನವರಿಗೆ, ಬಿಪಿಎಲ್ ಕಾರ್ಡು ಕೈಯಲ್ಲಿರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಯನ್ನು ಹಕ್ಕಾಗಿ ಕೊಟ್ಟಿದೆ. ಹೇಳಿದ್ದನ್ನು ಗುಟ್ಟಾಗಿಡಬೇಕೆಂದೂ ವಿಧಿಸಿದೆ. ಜೀವಾಪಾಯದಂಥ ಸಂದರ್ಭಗಳು ಈ ಗೌಪ್ಯತೆಗೆ ಅಪವಾದ. ಹದಿನೆಂಟರೊಳಗಿನವರ ಚಿಕಿತ್ಸೆಯಲ್ಲಿ ಪೋಷಕರಿಗೂ ಪಾತ್ರವಿರುತ್ತದೆ. ಮೊದಲ ಭೇಟಿಯಲ್ಲೇ ಯಾವುದು ಮನೆಗೆ ತಿಳಿಯುತ್ತದೆ, ಯಾವುದು ತಿಳಿಯುವುದಿಲ್ಲ ಎಂದು ವಿದ್ಯಾರ್ಥಿ ನೇರವಾಗಿ ಕೇಳಬಹುದು.

ಇನ್ನು ಉಳಿದಿರುವುದು ಕಾಲೇಜಿನ ಹೊಣೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಪಾಠ ಮಾಡುವ ಉಪನ್ಯಾಸಕರ ಹೆಸರನ್ನೇ ಸಮಾಲೋಚಕರ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡರೆ, ಆಂತರಿಕ ಅಂಕ ಹಾಕುವವರ ಮುಂದೆಯೇ ವಿದ್ಯಾರ್ಥಿ ಮನಸ್ಸು ಬಿಚ್ಚಬೇಕಾಗುತ್ತದೆ. ಆದ್ದರಿಂದ ಪ್ರವೇಶದ ದಿನ ಶುಲ್ಕ, ಹಾಸ್ಟೆಲ್, ಬಸ್ ಪಾಸುಗಳ ಬಗ್ಗೆ ವಿಚಾರಿಸುವ ಪೋಷಕರು ಅದೇ ಕಿಟಕಿಯ ಬಳಿ ನಿಂತು, ಇಲ್ಲಿನ ಆಪ್ತಸಮಾಲೋಚಕರು ಯಾರು, ವಾರದಲ್ಲಿ ಯಾವ ದಿನ, ಯಾವ ಕೋಣೆಯಲ್ಲಿ ಸಿಗುತ್ತಾರೆ ಎಂದೂ ಕೇಳುವುದು ಯುಕ್ತ.